ವೋಲ್ಟೇಜ್ ಡಿವೈಡರ್: 9.24 ವೋಲ್ಟಿನಲ್ಲಿ 3 ವೋಲ್ಟ್ ಎಲ್ಲಿ ಹೋಯಿತು?

ದುರ್ಗದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಮೊದಲ ವರ್ಷ, ಫಿಸಿಕ್ಸ್. ವೋಲ್ಟೇಜ್ ಡಿವೈಡರ್ (ಸೀರೀಸ್‌ನಲ್ಲಿ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಪಾಲು ಮಾಡುವುದು) ಪಾಠ ಮುಗಿದಿದೆ. ಲೆಕ್ಕ ಕೊಟ್ಟರೆ ಬಿಡಿಸುತ್ತೇನೆ. ಆದರೆ ರೂಮಿನಲ್ಲಿ ಕೂತು ನಿಜವಾಗಿ ಜೋಡಿಸಿ ಅಳೆದಾಗ ತಲೆ ಕೆಟ್ಟುಹೋಯಿತು.

ಜೋಡಿಸಿದ್ದು ಇಷ್ಟೇ. ಒಂದು 9 ವೋಲ್ಟ್ ಬ್ಯಾಟರಿ. ಅದಕ್ಕೆ ಸೀರೀಸ್‌ನಲ್ಲಿ ಎರಡು 1 ಮೆಗಾ ಓಮ್ ರೆಸಿಸ್ಟರ್ (ಕಂದು, ಕಪ್ಪು, ಹಸಿರು, ಚಿನ್ನದ ಪಟ್ಟಿ). ಮೀಟರ್ ಅಂದರೆ ಎಲ್ಲರ ಹತ್ತಿರ ಇರುವ ಅದೇ ಹಳದಿ ಡಿಟಿ-830 ಮಲ್ಟಿಮೀಟರ್.

ಬ್ಯಾಟರಿಗೆ ನೇರ ಹಿಡಿದರೆ 9.24 ತೋರಿಸುತ್ತದೆ. ಎರಡೂ ರೆಸಿಸ್ಟರ್ ಒಂದೇ, ಹಾಗಾದರೆ ಒಂದೊಂದರ ಮೇಲೆ 4.62 ಬರಬೇಕು ಅಲ್ವಾ? ಕೆಳಗಿನದಕ್ಕೆ ಹಿಡಿದರೆ 3.05. ಮೇಲಿನದಕ್ಕೆ ಹಿಡಿದರೆ 3.11. ಕೂಡಿಸಿದರೆ 6.16. ಮತ್ತೆ ಬ್ಯಾಟರಿಗೆ ಹಿಡಿದರೆ ಅದು ಆರಾಮಾಗಿ 9.24 ಅನ್ನುತ್ತದೆ. ನಡುವೆ 3.08 ವೋಲ್ಟ್ ಎಲ್ಲಿ ಹೋಯಿತು? ಕಿರ್ಚಾಫ್ ನಿಯಮದ ಪ್ರಕಾರ ಎರಡೂ ಸೇರಿ ಬ್ಯಾಟರಿಯಷ್ಟೇ ಆಗಬೇಕು.

ಇನ್ನೂ ವಿಚಿತ್ರ ಏನೆಂದರೆ, ಅದೇ ಜಾಗದಲ್ಲಿ ಎರಡು 10 ಕಿಲೋ ಓಮ್ ಹಾಕಿದರೆ ಎರಡರ ಮೇಲೂ 4.6ರ ಹತ್ತಿರ ಬರುತ್ತದೆ. ಸೂತ್ರದಲ್ಲಿ ಅನುಪಾತ ಮಾತ್ರ ಇದೆ. ಆರ್2 ಭಾಗಿಸು (ಆರ್1 + ಆರ್2), ಆರ್1 ಮೇಲಿನದು, ಆರ್2 ಕೆಳಗಿನದು. ಎರಡೂ ಹತ್ತು ಕಿಲೋ ಆದರೂ ಅರ್ಧ, ಎರಡೂ ಒಂದು ಮೆಗಾ ಆದರೂ ಅರ್ಧ. ಹಾಗಿರುವಾಗ ರೆಸಿಸ್ಟರ್ ದೊಡ್ಡದಾದ ಕೂಡಲೇ ಸೂತ್ರ ಯಾಕೆ ಕೈ ಕೊಡುತ್ತದೆ?

ಕೋಡ್ ಬರೆಯೋನು

ಚಿನ್ನದ ಪಟ್ಟಿ ಅಂದರೆ 5 ಪರ್ಸೆಂಟ್ ಹೆಚ್ಚುಕಮ್ಮಿ ಇರುತ್ತದೆ. ಜೊತೆಗೆ ಬ್ಯಾಟರಿ ಹಳೆಯದಿರಬಹುದು, ರೆಸಿಸ್ಟರ್ ಹಾಕಿದಾಗ ವೋಲ್ಟೇಜ್ ಕುಸಿಯುತ್ತಿರಬಹುದು. ಹೊಸ ಬ್ಯಾಟರಿ ಹಾಕಿ ನೋಡಿ.

ದುರ್ಗದ ಹುಡುಗ

ಸರ್, ಅದನ್ನೂ ನೋಡಿದೆ. ರೆಸಿಸ್ಟರ್ ಜೋಡಿಸಿಯೇ ಬ್ಯಾಟರಿ ಅಳೆದದ್ದು, ಆಗಲೂ 9.24. ರೆಸಿಸ್ಟರುಗಳನ್ನು ಬಿಚ್ಚಿ ಓಮ್ ರೇಂಜಿನಲ್ಲಿ ನೋಡಿದರೆ ಮೇಲಿನದು 1010 ಕಿಲೋ, ಕೆಳಗಿನದು 990 ಕಿಲೋ. ಒಂದು ಪರ್ಸೆಂಟ್ ವ್ಯತ್ಯಾಸಕ್ಕೆ ಮೂರು ವೋಲ್ಟ್ ಹೋಗಲ್ಲ.

ಹಾಸನ ಟಿವಿ ರಿಪೇರಿ

ತಮ್ಮಾ, ನಿನ್ನ ಬ್ಯಾಟರಿ ಸರಿ ಇದೆ, ರೆಸಿಸ್ಟರ್ ಸರಿ ಇದೆ, ಮೀಟರೂ ಸರಿ ಇದೆ. ಕಿರ್ಚಾಫ್ ಅಂತೂ ಸರಿಯೇ. ನೀನು ಅಳೆದದ್ದು ಒಂದು ಸರ್ಕ್ಯೂಟನ್ನಲ್ಲ. ಎರಡು ಬೇರೆ ಬೇರೆ ಸರ್ಕ್ಯೂಟ್ ಅಳೆದು, ಎರಡರ ಉತ್ತರ ಕೂಡಿಸಿದ್ದೀಯ. ಅಷ್ಟೇ ಆಗಿರುವುದು.

ಮೀಟರ್ ಸುಮ್ನೆ ದೂರದಲ್ಲಿ ನಿಂತು ನೋಡುವ ವಸ್ತು ಅಲ್ಲ. ಎರಡು ಪ್ರೋಬ್ ಇಟ್ಟ ಕೂಡಲೇ ಅದರೊಳಗೂ ಒಂಚೂರು ಕರೆಂಟ್ ಹರಿಯುತ್ತದೆ. ಅಂದರೆ ಮೀಟರೂ ಒಂದು ರೆಸಿಸ್ಟರ್. ಡಿಟಿ-830ರಲ್ಲಿ ಡಿಸಿ ವೋಲ್ಟ್ ರೇಂಜಿನಲ್ಲಿ ಅದು 1 ಮೆಗಾ ಓಮ್. ಈಗ ನಿನ್ನ ಸರ್ಕ್ಯೂಟ್ ಬರೆದುಕೋ. ಕೆಳಗಿನ 1 ಮೆಗಾಕ್ಕೆ ಪ್ಯಾರಲೆಲ್ ಆಗಿ ಮೀಟರಿನ 1 ಮೆಗಾ. ಎರಡೂ ಸೇರಿದರೆ 500 ಕಿಲೋ. ಮೇಲೆ 1 ಮೆಗಾ, ಕೆಳಗೆ ಅರ್ಧ ಮೆಗಾ. 9.24ರಲ್ಲಿ ಮೂರನೇ ಒಂದು ಪಾಲು ಕೆಳಗೆ, ಅದು 3.08. ನಿನ್ನ ರೆಸಿಸ್ಟರ್ 990 ಆದ್ದರಿಂದ 3.05 ಬಂತು. ಪ್ರೋಬ್ ಮೇಲಕ್ಕೆ ಸರಿಸಿದೆ, ಈಗ ಮೇಲಿನದು ಅರ್ಧವಾಯಿತು, ಕೆಳಗಿನದು ಮತ್ತೆ ಪೂರ್ತಿ. ಮತ್ತೆ ಅದೇ ಮೂರನೇ ಒಂದು ಪಾಲು.

ಕಳೆದುಹೋದ ವೋಲ್ಟ್ ಎಲ್ಲಿತ್ತು ಅಂದರೆ, ನೀನು ನೋಡದ ಕಡೆ ಇತ್ತು. ಮೀಟರ್ ಇಲ್ಲದಾಗ ಸರ್ಕ್ಯೂಟಿನಲ್ಲಿ 4.62 ಮೈಕ್ರೋ ಆಂಪಿಯರ್ ಹರಿಯುತ್ತದೆ. ಮೀಟರ್ ಹಿಡಿದಾಗ ಒಟ್ಟು ರೆಸಿಸ್ಟೆನ್ಸ್ ಒಂದೂವರೆ ಮೆಗಾಕ್ಕೆ ಇಳಿದು 6.16 ಮೈಕ್ರೋ ಆಂಪಿಯರ್ ಆಗುತ್ತದೆ. ಆ ಕರೆಂಟ್ ಪೂರ್ತಿ ಮೇಲಿನ ರೆಸಿಸ್ಟರಿನ ಮೂಲಕವೇ ಬರಬೇಕು. ಅಲ್ಲಿ 6.16 ವೋಲ್ಟ್ ಬಿತ್ತು. 3.08 ಮತ್ತು 6.16 ಕೂಡಿಸು, 9.24 ಬಂತಲ್ಲ. ಆ ಗಳಿಗೆಯಲ್ಲಿ ಮೇಲಿನದನ್ನು ನೋಡಲು ನಿನ್ನ ಹತ್ತಿರ ಇನ್ನೊಂದು ಮೀಟರ್ ಇರಲಿಲ್ಲ.

10 ಕಿಲೋ ಹಾಕಿದಾಗಲೂ ಮೀಟರ್ ಇದೇ ಕೆಲಸ ಮಾಡಿದೆ, ಆದರೆ 10 ಕಿಲೋಗೆ ಪ್ಯಾರಲೆಲ್ ಆಗಿ 1 ಮೆಗಾ ಅಂದರೆ 9.9 ಕಿಲೋ. 4.62 ಬದಲು 4.60. ಅದು ಕಣ್ಣಿಗೆ ಕಾಣಲ್ಲ.

ಸೂತ್ರಕ್ಕೆ ಒಂದು ಷರತ್ತು ಇದೆ. ನಡುವಿನ ತಂತಿಯಿಂದ ಹೊರಗೆ ಕರೆಂಟ್ ಹೋಗಬಾರದು. ಮೇಲಿಂದ ಬಂದ ಕರೆಂಟೆಲ್ಲ ಕೆಳಗೇ ಇಳಿಯಬೇಕು. ಆಗ ಮಾತ್ರ ಎರಡಕ್ಕೂ ಒಂದೇ ಕರೆಂಟ್, ಆಗ ಮಾತ್ರ ಅನುಪಾತದ ಲೆಕ್ಕ. ಬೋರ್ಡಿನ ಮೇಲೆ ಸೂತ್ರ ಬರೆಯುವಾಗ ಈ ಷರತ್ತನ್ನು ಬಾಯಲ್ಲಿ ಹೇಳಿ ಮುಂದೆ ಹೋಗುತ್ತಾರೆ, ನೋಟ್ಸಿಗೆ ಬರುವುದು ಸೂತ್ರ ಮಾತ್ರ. ನಡುವೆ ನೀನು ಏನೇ ನೇತುಹಾಕು, ಮೀಟರ್ ಆಗಲಿ, ಬಲ್ಬ್ ಆಗಲಿ, ಅದು ಕೆಳಗಿನ ರೆಸಿಸ್ಟರಿಗೆ ಪ್ಯಾರಲೆಲ್ ಆಗಿ ಸೇರಿಕೊಳ್ಳುತ್ತದೆ. ಇದಕ್ಕೆ ನಾವು ಲೋಡಿಂಗ್ ಅನ್ನುತ್ತೇವೆ.

ನನ್ನ ಮಾತು ನಂಬಬೇಡ, ಮೀಟರಿನ ರೆಸಿಸ್ಟೆನ್ಸ್ ನೀನೇ ಕಂಡುಹಿಡಿ. ಬ್ಯಾಟರಿಯ ಪ್ಲಸ್‌ನಿಂದ ಒಂದೇ ಒಂದು 1 ಮೆಗಾ ರೆಸಿಸ್ಟರ್, ಅದರ ಇನ್ನೊಂದು ತುದಿಗೆ ಕೆಂಪು ಪ್ರೋಬ್, ಕಪ್ಪು ಪ್ರೋಬ್ ಮೈನಸ್‌ಗೆ. ಈಗ ರೆಸಿಸ್ಟರೂ ಮೀಟರೂ ಸೇರಿ ಒಂದು ಡಿವೈಡರ್. ಅರ್ಧ ತೋರಿಸಿದರೆ ಮೀಟರ್ 1 ಮೆಗಾ. 8.40 ತೋರಿಸಿದರೆ 10 ಮೆಗಾ, ಅಂದರೆ ಒಳ್ಳೆ ಮೀಟರ್.

ನಾವು ಕೆಲಸ ಕಲಿತದ್ದು ಮುಳ್ಳಿನ ಮೀಟರಿನಲ್ಲಿ. ಅದರ ಡಯಲ್ ಮೇಲೇ 20 ಕಿಲೋ ಓಮ್ ಪರ್ ವೋಲ್ಟ್ ಅಂತ ಬರೆದಿರುತ್ತದೆ. 10 ವೋಲ್ಟ್ ರೇಂಜಿಗೆ ಹಾಕಿದರೆ ಅದು 200 ಕಿಲೋ, 50 ವೋಲ್ಟಿಗೆ ಹಾಕಿದರೆ 1 ಮೆಗಾ, 250ಕ್ಕೆ ಹಾಕಿದರೆ 5 ಮೆಗಾ. ನಿನ್ನ ಸರ್ಕ್ಯೂಟಿಗೆ ಆ ಮೀಟರನ್ನು 10ರ ರೇಂಜಿನಲ್ಲಿ ಹಿಡಿದರೆ ಬರುವುದು 1.32 ವೋಲ್ಟ್! 50ರ ರೇಂಜಿಗೆ ತಿರುಗಿಸಿದರೆ ಅದೇ ಜಾಗದಲ್ಲಿ ಸುಮಾರು 3. ರೇಂಜ್ ಬದಲಿಸಿದಾಗ ವೋಲ್ಟ್ ಬದಲಾದರೆ ಮೀಟರೇ ಸರ್ಕ್ಯೂಟನ್ನು ಎಳೆಯುತ್ತಿದೆ ಅಂತ ಅರ್ಥ. ಇದು ಅಂಗಡಿಯಲ್ಲಿ ಹುಡುಗರಿಗೆ ನಾನು ಮೊದಲು ಹೇಳಿಕೊಡುವ ಪಾಠ. ಹಳೆಯ ರೇಡಿಯೋ, ಟಿವಿ ಸರ್ಕ್ಯೂಟ್ ಚಿತ್ರಗಳ ಮೂಲೆಯಲ್ಲಿ ‘ಈ ವೋಲ್ಟೇಜುಗಳನ್ನು 20 ಕಿಲೋ ಓಮ್ ಪರ್ ವೋಲ್ಟ್ ಮೀಟರಿನಲ್ಲಿ ಅಳೆದಿದೆ’ ಅನ್ನುವ ಅರ್ಥದ ಒಂದು ಸಾಲು ಇರುತ್ತಿತ್ತು. ಯಾಕೆ ಅಂತ ಈಗ ನಿನಗೆ ಗೊತ್ತಾಗುತ್ತದೆ. ಮೀಟರ್ ತಪ್ಪು ತೋರಿಸಲಿ, ಆದರೆ ಇಬ್ಬರ ಮೀಟರೂ ಒಂದೇ ತಪ್ಪು ತೋರಿಸಲಿ ಅಂತ.

ಇನ್ನೊಂದು ತಮಾಷೆ. ನಿನ್ನ ಡಿಟಿ-830 ಒಳಗೆ ಆ 1 ಮೆಗಾ ಅನ್ನುವುದು ಒಂದೇ ರೆಸಿಸ್ಟರ್ ಅಲ್ಲ. 900 ಕಿಲೋ, 90 ಕಿಲೋ, 9 ಕಿಲೋ, 900 ಓಮ್, 100 ಓಮ್ ಹೀಗೆ ಸಾಲಾಗಿ ಜೋಡಿಸಿದ ಸರಪಳಿ. ಒಟ್ಟು 1 ಮೆಗಾ. ಒಳಗಿನ ಚಿಪ್‌ಗೆ ಗೊತ್ತಿರುವುದು 200 ಮಿಲಿವೋಲ್ಟ್ ಮಾತ್ರ. 20 ವೋಲ್ಟ್ ರೇಂಜ್ ಅಂದರೆ ಆ ಸರಪಳಿಯ ಕೆಳಗಿನ 10 ಕಿಲೋ ಮೇಲಿನ ವೋಲ್ಟೇಜ್, ಅಂದರೆ ನೂರನೇ ಒಂದು ಪಾಲು. ಮಧ್ಯದ ಗುಂಡಿ ತಿರುಗಿಸುವುದು ಅಂದರೆ ಡಿವೈಡರಿನಲ್ಲಿ ಬೇರೆ ಬೇರೆ ಜಾಗಕ್ಕೆ ಕೈ ಹಾಕುವುದು. ನೀನು ಡಿವೈಡರ್ ಅಳೆದದ್ದೂ ಡಿವೈಡರಿನಿಂದಲೇ.

ಸ್ನೇಹಿತರ ಹತ್ತಿರ ಅಂಥದ್ದೇ ಮೀಟರ್ ಇದ್ದರೆ ತಂದು ಎರಡನ್ನೂ ಒಂದೇ ಸಲ ಹಿಡಿ. ಏನು ಬರುತ್ತದೆ ಅಂತ ಇಲ್ಲಿ ಬರೆ.

ಕೋಡ್ ಬರೆಯೋನು

ಓಹೋ! ನಾನು ಆರ್ಡುಯಿನೊದಲ್ಲಿ (ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್) ಬ್ಯಾಟರಿ ವೋಲ್ಟೇಜ್ ನೋಡಲು ಎರಡು 1 ಮೆಗಾ ಹಾಕಿದ್ದೆ, ಬ್ಯಾಟರಿ ಉಳಿಯಲಿ ಅಂತ. ಓದುವ ಸಂಖ್ಯೆ ಕುಣಿಯುತ್ತಿತ್ತು. ಅದೂ ಇದೇನಾ?

ಹಾಸನ ಟಿವಿ ರಿಪೇರಿ

ಹತ್ತಿರದ ಸಂಬಂಧಿ. ಆರ್ಡುಯಿನೊ ಊನೋದ ಎಟಿಮೆಗಾ 328 ಚಿಪ್‌ಗೆ ವೋಲ್ಟೇಜ್ ಕೊಡುವ ಸರ್ಕ್ಯೂಟಿನ ರೆಸಿಸ್ಟೆನ್ಸ್ ಸುಮಾರು 10 ಕಿಲೋ ಅಥವಾ ಅದಕ್ಕಿಂತ ಕಮ್ಮಿ ಇರಬೇಕು ಅಂತ ಅದರ ಡೇಟಾಶೀಟಿನಲ್ಲೇ ಇದೆ. ಒಳಗೊಂದು ಪುಟ್ಟ ಕೆಪಾಸಿಟರ್ ಪ್ರತಿ ಸಲ ಚಾರ್ಜ್ ಆಗಬೇಕು, ನಿಮ್ಮ ಮೆಗಾ ಓಮಿನಿಂದ ಅಷ್ಟು ಬೇಗ ಕರೆಂಟ್ ಬರಲ್ಲ. ನಡುವಿನಿಂದ ಗ್ರೌಂಡಿಗೆ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ, ನಿಧಾನವಾಗಿ ಬದಲಾಗುವ ಬ್ಯಾಟರಿಗೆ ಅದು ಸಾಕು.

ದುರ್ಗದ ಹುಡುಗ

ಸರ್, ಒಂದು ರೆಸಿಸ್ಟರ್ ಹಾಕಿ ನೋಡಿದೆ. 4.60 ಬಂತು. ಹಾಗಾದರೆ ಮೀಟರ್ 1 ಮೆಗಾ ಓಮೇ.

ಪಕ್ಕದ ರೂಮಿನವನ ಮೀಟರ್ ತಂದು ಎರಡೂ ಒಟ್ಟಿಗೆ ಹಿಡಿದೆ. ಕೆಳಗೆ 4.59, ಮೇಲೆ 4.64! ಸರಿಯಾದ ಉತ್ತರ ಬಂದುಬಿಟ್ಟಿತು. ಅಂದರೆ ಇನ್ನು ಮೇಲೆ ಎರಡು ಮೀಟರ್ ಇಟ್ಟುಕೊಂಡರೆ ಸಾಕಾ?

ಇನ್ನೊಂದು ಪ್ರಶ್ನೆ. ಅದೇ ಪಕ್ಕದ ರೂಮಿನವನ ಹತ್ತಿರ 12 ವೋಲ್ಟ್ ಬ್ಯಾಟರಿ ಇದೆ. 7 ಕಿಲೋ, 5 ಕಿಲೋ ಹಾಕಿದರೆ 5 ವೋಲ್ಟ್ ಸಿಗುತ್ತದೆ, ಅದರಲ್ಲಿ ಫೋನ್ ಚಾರ್ಜ್ ಮಾಡೋಣ ಅನ್ನುತ್ತಿದ್ದಾನೆ. ಲೋಡಿಂಗ್ ಅಂತ ಹೇಳಿದೆ, ಅವನು ಕೇಳುತ್ತಿಲ್ಲ.

ಹಾಸನ ಟಿವಿ ರಿಪೇರಿ

ಅವನಿಗೆ ಲೋಡಿಂಗ್ ಅನ್ನಬೇಡ, ಲೆಕ್ಕ ತೋರಿಸು. ಫೋನಿಗೆ 1 ಆಂಪಿಯರ್ ಬೇಕು ಅಂತ ಇಟ್ಟುಕೋ. ಆ 1 ಆಂಪಿಯರ್ 7 ಕಿಲೋ ಓಮ್ ದಾಟಿ ಬರಬೇಕಾದರೆ ಅಲ್ಲಿ 7000 ವೋಲ್ಟ್ ಬೀಳಬೇಕು. ಅವನ ಬ್ಯಾಟರಿ 12 ವೋಲ್ಟಿನದು. ಕೆಳಗಿನ ರೆಸಿಸ್ಟರ್ ತೆಗೆದುಹಾಕಿ, ಔಟ್‌ಪುಟ್ ಶಾರ್ಟ್ ಮಾಡಿದರೂ 7 ಕಿಲೋ ಮೂಲಕ ಬರುವುದು 1.7 ಮಿಲಿ ಆಂಪಿಯರ್. ಚಾರ್ಜರ್ ಹಾಕಿದ್ದಾರೆ ಅನ್ನುವುದನ್ನೂ ಫೋನ್ ಗಮನಿಸಲ್ಲ.

ರೆಸಿಸ್ಟರ್ ಚಿಕ್ಕದು ಮಾಡೋಣ ಅನ್ನುತ್ತಾನೆ ಆಮೇಲೆ. ಮಾಡಲಿ. 0.7 ಓಮ್ ಮತ್ತು 0.5 ಓಮ್. ಫೋನ್ ಹಾಕುವ ಮೊದಲೇ ಡಿವೈಡರಿನಲ್ಲಿ 10 ಆಂಪಿಯರ್ ಹರಿಯುತ್ತದೆ, 120 ವ್ಯಾಟ್ ಬಿಸಿ. ಫೋನಿಗೆ ಸಿಗುವುದು ಸುಮಾರು 5 ವ್ಯಾಟ್, ಅದೂ ವೋಲ್ಟೇಜ್ 4.7ಕ್ಕೆ ಇಳಿದು. ಇದರಲ್ಲಿ ಕಾಫಿಗೆ ನೀರು ಕಾಯಿಸಬಹುದು. ಎಲ್‌ಎಂ2596 ಅಂತ ಸ್ಟೆಪ್‌ಡೌನ್ ಬೋರ್ಡ್ ಸಿಗುತ್ತದೆ, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರಿದ್ದರೆ ತರಿಸಿಕೊಳ್ಳಿ, ಇಲ್ಲ ಕಾರಿಗೆ ಹಾಕುವ ಚಾರ್ಜರ್ ಸಾಕು.

ಡಿವೈಡರ್ ಇರುವುದು ಸುದ್ದಿ ಹೇಳುವುದಕ್ಕೆ, ಕೆಲಸ ಮಾಡಿಸುವುದಕ್ಕಲ್ಲ. ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿ ಒಂದು ಡಿವೈಡರ್, ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಜೊತೆ 10 ಕಿಲೋ ಹಾಕಿ ಬೆಳಕು ನೋಡುವುದು ಡಿವೈಡರ್, 5 ವೋಲ್ಟ್ ಸಿಗ್ನಲನ್ನು 3.3ರ ಚಿಪ್‌ಗೆ ಕೊಡಲು 1 ಕಿಲೋ, 2 ಕಿಲೋ ಹಾಕುವುದು ಡಿವೈಡರ್. ಎಲ್ಲ ಕಡೆ ನಡುವಿನಿಂದ ಹೋಗುವ ಕರೆಂಟ್ ತೀರಾ ಕಮ್ಮಿ. ನಾವು ಇಟ್ಟುಕೊಂಡ ಅಂದಾಜು ಏನೆಂದರೆ, ನಡುವೆ ಹಾಕುವುದು ಕೆಳಗಿನ ರೆಸಿಸ್ಟರಿಗಿಂತ ಹತ್ತು ಪಟ್ಟಾದರೂ ದೊಡ್ಡದಿರಲಿ. ಎರಡೂ ರೆಸಿಸ್ಟರ್ ಸಮ ಇದ್ದಾಗ ಹತ್ತು ಪಟ್ಟಿಗೆ ಸುಮಾರು 5 ಪರ್ಸೆಂಟ್ ಕಮ್ಮಿ ಬರುತ್ತದೆ, ನೂರು ಪಟ್ಟಿಗೆ ಅರ್ಧ ಪರ್ಸೆಂಟ್. ಹಾಗಂತ ರೆಸಿಸ್ಟರನ್ನು ಬೇಕಾದಷ್ಟು ಚಿಕ್ಕದು ಮಾಡಲೂ ಆಗಲ್ಲ. ನಿನ್ನ 9 ವೋಲ್ಟಿಗೆ ಎರಡು 100 ಓಮ್ ಹಾಕಿದರೆ ಸುಮ್ಮನೆ 45 ಮಿಲಿ ಆಂಪಿಯರ್ ಹೋಗುತ್ತಿರುತ್ತದೆ, ಆ ಪುಟ್ಟ ಬ್ಯಾಟರಿ ಒಂದು ದಿನವೂ ಬಾಳಲ್ಲ.

ಮತ್ತೆ ಒಂದು ಮಾತು. ಇದನ್ನು 230 ವೋಲ್ಟ್ ಪ್ಲಗ್ಗಿಗೆ ಯಾರೂ ಪ್ರಯತ್ನ ಮಾಡಬೇಡಿ. ಡಿವೈಡರ್ ವೋಲ್ಟೇಜ್ ಇಳಿಸುತ್ತದೆ, ಲೈನಿನಿಂದ ನಿಮ್ಮನ್ನು ಬೇರೆ ಮಾಡಲ್ಲ. 5 ವೋಲ್ಟ್ ಅಂತ ಮುಟ್ಟಿದ ತಂತಿ ನೆಲಕ್ಕೆ ಹೋಲಿಸಿದರೆ 230 ಇರಬಹುದು.

ಎರಡು ಮೀಟರಿನ ವಿಷಯ ಮೇಡಂ ಯಾರಾದರೂ ಇದ್ದರೆ ಹೇಳಲಿ, ಗಿರಾಕಿ ಬಂದರು.

ಮೈಸೂರು ಲ್ಯಾಬ್

ಮೇಡಂ ಇದ್ದೇನೆ! ಪಾಠ ಮಾಡುವವಳು, ಸ್ವಲ್ಪ ಪಾಠದ ಥರವೇ ಬರುತ್ತದೆ, ಸಹಿಸಿಕೊಳ್ಳಿ.

ಎರಡು ಮೀಟರ್ ಇಟ್ಟಾಗ ಸರಿ ಉತ್ತರ ಬಂದದ್ದು ನಿಮ್ಮ ರೆಸಿಸ್ಟರುಗಳು ಹೆಚ್ಚುಕಮ್ಮಿ ಸಮ ಇದ್ದುದಕ್ಕೆ. ಎರಡೂ ಕಡೆ ಒಂದೇ ತಪ್ಪು ಸೇರಿಕೊಂಡಿತು, ಅನುಪಾತ ಉಳಿಯಿತು. ಕೆಳಗೆ 2.2 ಮೆಗಾ ಹಾಕಿ ನೋಡಿ. ನಿಜವಾಗಿ ಇರಬೇಕಾದದ್ದು 6.35 ವೋಲ್ಟ್, ಎರಡು ಮೀಟರ್ ಹಿಡಿದರೆ 5.35 ತೋರಿಸುತ್ತದೆ. ಮೇಲಿನದರ ಜೊತೆ ಕೂಡಿಸಿದರೆ ಮಾತ್ರ ಸರಿಯಾಗಿ 9.24 ಬರುತ್ತದೆ. ಕೂಡಿಸಿದ ಮೊತ್ತ ಸರಿ ಬಂದ ಮಾತ್ರಕ್ಕೆ ಒಂದೊಂದು ಅಳತೆಯೂ ಸರಿ ಅಂತ ಅಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಇದನ್ನು ನಾನು ಬಹಳ ನೋಡಿದ್ದೇನೆ.

ಲೆಕ್ಕಕ್ಕೆ ಸುಲಭದ ದಾರಿ ಥೆವಿನಿನ್ ಪ್ರಮೇಯ. ನಡುವಿನ ಬಿಂದುವಿನಿಂದ ನೋಡಿದರೆ ನಿಮ್ಮ ಇಡೀ ಡಿವೈಡರ್ ಅಂದರೆ 4.62 ವೋಲ್ಟಿನ ಒಂದು ಬ್ಯಾಟರಿ, ಅದರೊಳಗೆ 500 ಕಿಲೋ ಓಮ್ ಒಳ ರೆಸಿಸ್ಟೆನ್ಸ್ (ಎರಡೂ ರೆಸಿಸ್ಟರ್ ಪ್ಯಾರಲೆಲ್). ಅದಕ್ಕೆ 1 ಮೆಗಾ ಮೀಟರ್ ಹಾಕಿದಿರಿ. ಒಂದೂವರೆಯಲ್ಲಿ ಒಂದು ಪಾಲು, 3.08. ಯಾವ ಲೋಡ್ ಬಂದರೂ ಇಷ್ಟೇ ಲೆಕ್ಕ, ಪ್ರತಿ ಸಲ ಪ್ಯಾರಲೆಲ್ ಮಾಡುತ್ತಾ ಕೂರಬೇಕಿಲ್ಲ. ರಿಪೇರಿಯವರು ಹೇಳಿದ ಮುಳ್ಳಿನ ಮೀಟರಿನ 1.32 ಕೂಡ ಇದರಿಂದ ಒಂದೇ ಸಾಲಿನಲ್ಲಿ ಬರುತ್ತದೆ, ಹಾಕಿ ನೋಡಿ.

ಈಗ ಅಸಲು ವಿಷಯ. ಮೀಟರ್ ಕರೆಂಟ್ ಎಳೆಯುವುದೇ ತೊಂದರೆಯಾದರೆ, ಕರೆಂಟ್ ಎಳೆಯದೆ ಅಳೆಯಬಹುದಾ? ಅಳೆಯಬಹುದು. ಪೊಟೆನ್ಶಿಯೋಮೀಟರ್ ತಂತಿಯ ಪ್ರಯೋಗ ಇದಕ್ಕೇ ಇರುವುದು. ಜರ್ಮನಿಯ ಪೊಗ್ಗೆನ್‌ಡಾರ್ಫ್ 1841ರಲ್ಲಿ ಈ ಉಪಾಯ ತೋರಿಸಿದರು. ಅಳೆಯಬೇಕಾದ ವೋಲ್ಟೇಜಿಗೆ ಎದುರಾಗಿ ನಮ್ಮದೇ ಒಂದು ವೋಲ್ಟೇಜ್ ಇಟ್ಟು, ಗ್ಯಾಲ್ವನೋಮೀಟರ್ (ಸಣ್ಣ ಕರೆಂಟನ್ನೂ ತೋರಿಸುವ ಮೀಟರ್) ಮುಳ್ಳು ಸೊನ್ನೆಗೆ ಬರುವ ತನಕ ಹೊಂದಿಸುವುದು. ಮುಳ್ಳು ಸೊನ್ನೆಯಲ್ಲಿದ್ದರೆ ಅದರಲ್ಲಿ ಕರೆಂಟ್ ಇಲ್ಲ. ಕರೆಂಟ್ ಇಲ್ಲದಿದ್ದರೆ ಲೋಡಿಂಗ್ ಇಲ್ಲ. ಗ್ಯಾಲ್ವನೋಮೀಟರಿನ ರೆಸಿಸ್ಟೆನ್ಸ್ ಎಷ್ಟೇ ಇರಲಿ. ನಮ್ಮ ಮಕ್ಕಳು ತಂತಿಯ ಮೇಲೆ ಜಾಕಿ (ಮುಟ್ಟಿಸುವ ಕಡ್ಡಿ) ಸರಿಸಿ ಬ್ಯಾಲೆನ್ಸಿಂಗ್ ಲೆಂತ್, ಅಂದರೆ ಮುಳ್ಳು ಸೊನ್ನೆಯಾಗುವ ಉದ್ದ, ಬರೆದುಕೊಂಡು ಹೋಗುತ್ತಾರೆ, ಇಷ್ಟೆಲ್ಲ ಕಷ್ಟ ಯಾಕೆ, ವೋಲ್ಟ್‌ಮೀಟರ್ ಹಿಡಿದರೆ ಆಗಲ್ವಾ ಅಂತ ಯಾರೂ ಕೇಳಲ್ಲ. ಕೇಳಬೇಕು.

ನಿಮ್ಮ ರೂಮಿನಲ್ಲೇ ಮಾಡಬಹುದು. ಒಂದು 10 ಕಿಲೋ ಪಾಟ್ (ಗುಂಡಿ ತಿರುಗಿಸಿ ಬದಲಿಸುವ ಮೂರು ಕಾಲಿನ ರೆಸಿಸ್ಟರ್) ತನ್ನಿ. ಅದರ ಎರಡು ತುದಿಗಳನ್ನು ಅದೇ ಬ್ಯಾಟರಿಗೆ ಹಾಕಿ. ಈಗ ಎರಡು ಡಿವೈಡರ್ ಅಕ್ಕಪಕ್ಕ ಇವೆ, ಮೆಗಾ ಓಮಿನದೊಂದು, ಪಾಟಿನದೊಂದು. ಎರಡರ ನಡುವಿನ ಬಿಂದುಗಳ ಮಧ್ಯೆ ಮೀಟರ್ ಹಾಕಿ. ಮೊದಲು 20 ವೋಲ್ಟ್ ರೇಂಜ್, ಸೊನ್ನೆ ಹತ್ತಿರ ಬಂದ ಮೇಲೆ 200 ಮಿಲಿವೋಲ್ಟ್. ಸೊನ್ನೆ ಆಗುವ ತನಕ ಪಾಟ್ ತಿರುಗಿಸಿ. ಆಗ ಪಾಟಿನ ಗುಂಡಿ ಮುಟ್ಟದೆ, ಮೀಟರನ್ನು ಅಲ್ಲಿಂದ ತೆಗೆದು ಪಾಟಿನ ನಡುವಿನ ಕಾಲಿಗೂ ಮೈನಸ್‌ಗೂ ಹಿಡಿಯಿರಿ. ಆಮೇಲೆ ನಡುವಿನ ಕಾಲಿಗೂ ಪ್ಲಸ್‌ಗೂ. ಆ ಎರಡು ಸಂಖ್ಯೆಗಳೇ ನಿಮ್ಮ ಮೆಗಾ ಓಮ್ ರೆಸಿಸ್ಟರುಗಳ ಮೇಲಿರುವ ವೋಲ್ಟೇಜ್. ಹೀಗೆ ಎರಡು ಡಿವೈಡರ್ ಎದುರುಬದುರು ಇಟ್ಟದ್ದೇ ವೀಟ್‌ಸ್ಟೋನ್ ಬ್ರಿಡ್ಜ್ ಅಂತ ನಾನು ಹೇಳುವ ಮೊದಲೇ ನಿಮಗೆ ಹೊಳೆದಿದ್ದರೆ ಸಂತೋಷ.

ದುರ್ಗದ ಹುಡುಗ

ಮೇಡಂ, ಪಾಟ್ ಸಿಕ್ಕಿತು, ಹಳೇ ಸ್ಪೀಕರ್ ಸೆಟ್ಟಿನದು. ಸೊನ್ನೆಗೆ ತರುವುದು ಸ್ವಲ್ಪ ಕಷ್ಟ, ಕೈ ಒಂಚೂರು ಅಲುಗಾಡಿದರೂ ಹಾರಿಹೋಗುತ್ತದೆ. ಕೊನೆಗೆ ಒಂದು ಮಿಲಿವೋಲ್ಟಿನ ಒಳಗೆ ನಿಲ್ಲಿಸಿದೆ.

ಬ್ಯಾಟರಿ ಈಗ 9.22ಕ್ಕೆ ಇಳಿದಿದೆ. ಕೆಳಗೆ 4.55, ಮೇಲೆ 4.64. ಕೂಡಿಸಿದರೆ 9.19. 990 ಮತ್ತು 1010ರ ಅನುಪಾತದ ಪ್ರಕಾರ 4.56, 4.66 ಬರಬೇಕಿತ್ತು. ಹತ್ತಿರ ಹತ್ತಿರ ಸರಿ ಬಂತು!

ಇನ್ನೂ 0.03 ಕಮ್ಮಿ ಇದೆ. ಅದು ಎಲ್ಲಿ ಹೋಯಿತು ಅಂತ ಈ ಸಲ ಕೇಳುತ್ತಿಲ್ಲ. ಪಾಟಿನ ನಡುವಿನಿಂದ ನೋಡಿದರೆ 2.5 ಕಿಲೋ, ಮೀಟರ್ 1 ಮೆಗಾ, ಒಂದೊಂದು ಸಲ ಅಳೆದಾಗಲೂ 0.01 ಎಳೆದಿದೆ. ಎರಡು ಸಲಕ್ಕೆ 0.02. ಉಳಿದದ್ದು ಮೀಟರಿನ ಕೊನೆಯ ಅಂಕಿಯದು. ಪಕ್ಕದ ರೂಮಿನವನು ಕಾರ್ ಚಾರ್ಜರ್ ತರಲು ಹೋಗಿದ್ದಾನೆ.